ಬಿ ಬ್ಲಾಕ್ ಸಂಪ್ ಮಾತ್ರ ಯಾಕೆ ದಪ್ಪಕ್ಷರದಲ್ಲಿ ಕಾಣ್ತಿತ್ತು: ಡ್ಯಾಶ್‌ಬೋರ್ಡಲ್ಲಿ ಸ್ಟೋರ್ಡ್ ಎಕ್ಸ್‌ಎಸ್‌ಎಸ್ ಹುಡುಕಿದ್ದು

ಕಂಪ್ಲೇಂಟ್ ಬಂದಿದ್ದು ಇಷ್ಟೇ, ಬಿ ಬ್ಲಾಕ್ ಸಂಪಿನ ಮೇಲೆ ಮೌಸ್ ಇಟ್ರೆ ಬರೋ ಟೂಲ್‌ಟಿಪ್‌ನಲ್ಲಿ ಹೆಸರು ಅರ್ಧ ಇದೆ, ಕೆಳಗಿರೋ ನೀರಿನ ಮಟ್ಟ, ಮೋಟಾರ್ ಸ್ಟೇಟಸ್ ಎಲ್ಲಾ ದಪ್ಪಕ್ಷರ ಆಗಿದೆ, ಬೇರೆ ಬ್ಲಾಕಿಂದೆಲ್ಲ ಸರಿ ಇದೆ. ನಾವು ನೋಡ್ಕೊಳ್ಳೋದು ಅಪಾರ್ಟ್‌ಮೆಂಟ್‌ಗಳ ಟ್ಯಾಂಕು, ಸಂಪು, ಮೋಟಾರಿನ ಸೆನ್ಸರ್‌ಗಳನ್ನ ತೋರಿಸೋ ಒಂದು ಡ್ಯಾಶ್‌ಬೋರ್ಡು, ಸೆನ್ಸರ್ ಫಿಟ್ ಮಾಡೋಕೆ ಹೋದ ಟೆಕ್ನಿಷಿಯನ್ನೇ ಅಲ್ಲಿ ನಿಂತ್ಕೊಂಡು ಫೋನಲ್ಲಿ ಅದಕ್ಕೊಂದು ಹೆಸರು ಟೈಪ್ ಮಾಡ್ತಾನೆ, ಆ ಹೆಸರು ಆಮೇಲೆ ಆಫೀಸಲ್ಲಿ ಕೂತಿರೋ ಅಡ್ಮಿನ್ ಸ್ಕ್ರೀನಲ್ಲಿ ಕಾಣುತ್ತೆ. ಟಿಕೆಟ್ಟಿಗೆ "ಸಿಎಸ್‌ಎಸ್ ಸಮಸ್ಯೆ, ಅರ್ಜೆಂಟಿಲ್ಲ" ಅಂತ ಲೇಬಲ್ ಬಿತ್ತು, ನಾಲ್ಕು ದಿನ ಹಾಗೇ ಬಿದ್ದಿತ್ತು. ಲೇಬಲ್ ಹಚ್ಚಿದವನು ನಾನೇ.

ಎಕ್ಸ್‌ಎಸ್‌ಎಸ್ ಅಂದ್ರೆ ಬೇರೆಯವರು ಟೈಪ್ ಮಾಡಿದ್ದು ನಮ್ಮ ಪೇಜಲ್ಲಿ ಕೋಡಾಗಿ ಓಡೋದು, ಅದು ಡೇಟಾಬೇಸಲ್ಲಿ ಉಳಿದಿದ್ರೆ ಸ್ಟೋರ್ಡ್. ಆ ಹೆಸರು ಕೇಳಿದ ತಕ್ಷಣ ನಮ್ಮ ತಲೇಲಿ ಬರೋದು ಸ್ಕ್ರೀನ್ ಮಧ್ಯೆ ಪಾಪ್‌ಅಪ್ ಒಂದು ಎದ್ದು ನಿಲ್ಲೋದು. ನಿಜವಾಗಿ ಓಡ್ತಿರೋ ಸಿಸ್ಟಮಲ್ಲಿ ಯಾರೂ ಹಾಗೆ ಬಾಗಿಲು ತಟ್ಟಿ ಹೇಳಲ್ಲ. ಮೊದಲು ಕಾಣೋದು ಇಂಥ ಚಿಲ್ಲರೆ ಲಕ್ಷಣಗಳೇ, ಅಕ್ಷರ ದಪ್ಪ ಆಗೋದು, ಹೆಸರಿನ ಒಂದು ತುಂಡು ಮಾಯ ಆಗೋದು, ಟೇಬಲ್ ಒಂದು ರೋ ಆದ್ಮೇಲೆ ವಾಲಿಕೊಳ್ಳೋದು, ಎಲ್ಲೋ ಒಂದು ಮುರಿದ ಇಮೇಜ್ ಐಕಾನ್.

ಐದನೇ ದಿನ ಡೇಟಾಬೇಸಿಂದ ಆ ರೋ ತೆಗೆದು ನೋಡಿದೆ. ಹೆಸರು ಪೂರ್ತಿ ಇದೆ, ಮೊದಲು ಸಂಪ್, ಆಮೇಲೆ ಆಂಗಲ್ ಬ್ರಾಕೆಟ್ ಒಳಗೆ ಬಿ ಬ್ಲಾಕ್, ಎಲ್ಲಾ ಇಂಗ್ಲಿಷ್ ಅಕ್ಷರದಲ್ಲಿ. ಪಾಪ ಆ ಹುಡುಗ ಮಾಮೂಲಿ ಬ್ರಾಕೆಟ್ ಬದಲು ಲೆಸ್-ದ್ಯಾನ್, ಗ್ರೇಟರ್-ದ್ಯಾನ್ ಚಿಹ್ನೆ ಹಾಕಿದ್ದಾನೆ ಅಷ್ಟೆ. ಆದ್ರೆ ಬ್ರೌಸರ್ ಕಣ್ಣಿಗೆ ಅದು ಹೆಸರಲ್ಲ, ಬಿ ಅನ್ನೋದು ಬೋಲ್ಡ್ ಟ್ಯಾಗು, ಪಕ್ಕದಲ್ಲಿರೋ ಬ್ಲಾಕ್ ಅನ್ನೋದು ಆ ಟ್ಯಾಗಿನ ಆಟ್ರಿಬ್ಯೂಟು. ಟ್ಯಾಗ್ ಓಪನ್ ಆಯ್ತು, ಕ್ಲೋಸ್ ಆಗ್ಲೇ ಇಲ್ಲ, ಅದರ ಕೆಳಗಿದ್ದಿದ್ದೆಲ್ಲ ದಪ್ಪ. ಅಲ್ಲಿಗೆ ಬೆನ್ನು ಸ್ವಲ್ಪ ತಣ್ಣಗಾಯ್ತು, ಯಾಕಂದ್ರೆ ಬೋಲ್ಡ್ ಟ್ಯಾಗ್ ಹೋಗೋ ದಾರೀಲಿ ಸ್ಕ್ರಿಪ್ಟೂ ಹೋಗುತ್ತೆ.

ತಕ್ಷಣ ಎ ಬ್ಲಾಕ್, ಸಿ ಬ್ಲಾಕ್ ನೋಡಿದ್ರೆ ಅವಕ್ಕೂ ಅದೇ ಥರ ಬ್ರಾಕೆಟ್ ಇದೆ, ಅಲ್ಲೂ ಟೂಲ್‌ಟಿಪ್‌ನಲ್ಲಿ ಬರೀ "ಸಂಪ್" ಅಂತಷ್ಟೇ ಬರ್ತಿದೆ. ಎ ಅನ್ನೋದು ಲಿಂಕಿನ ಟ್ಯಾಗು, ಎಚ್‌ರೆಫ್ ಇಲ್ಲದಿದ್ರೆ ಮಾಮೂಲಿ ಅಕ್ಷರದ ಥರಾನೇ ಕಾಣುತ್ತೆ, ಸಿ ಅನ್ನೋ ಟ್ಯಾಗೇ ಇಲ್ಲ, ಗೊತ್ತಿಲ್ಲದ ಟ್ಯಾಗನ್ನ ಬ್ರೌಸರ್ ಸುಮ್ನೆ ನುಂಗ್ಕೊಳ್ಳುತ್ತೆ. ಬಿ ಒಂದೇ ಕಣ್ಣಿಗೆ ಹೊಡೆಯೋ ಟ್ಯಾಗ್ ಆಗಿದ್ರಿಂದ ಬಿ ಬ್ಲಾಕ್‌ನೋರು ಮಾತ್ರ ಫೋನ್ ಮಾಡಿದ್ರು. ಇನ್ನೊಂದು ಮಜಾ ಏನಂದ್ರೆ ಬೇರೆ ಒಂದು ಸೈಟಲ್ಲಿ ಟೆಕ್ನಿಷಿಯನ್ ಒಬ್ರು ಅದೇ ಆಂಗಲ್ ಬ್ರಾಕೆಟ್ ಹಾಕಿ ಒಳಗಡೆ ಕನ್ನಡದಲ್ಲೇ ಟೈಪ್ ಮಾಡಿದ್ರು, ಅದು ಮಾತ್ರ ಎಲ್ಲಾ ಕಡೆ ನೆಟ್ಟಗೆ ಕಾಣ್ತಿತ್ತು. ಲೆಸ್-ದ್ಯಾನ್ ಆದ್ಮೇಲೆ ಇಂಗ್ಲಿಷ್ ಅಕ್ಷರ ಬಂದ್ರೆ ಮಾತ್ರ ಎಚ್‌ಟಿಎಂಎಲ್ ಪಾರ್ಸರ್ ಅದನ್ನ ಟ್ಯಾಗಿನ ಶುರು ಅಂತ ತಗೊಳ್ಳೋದು, ಕನ್ನಡ ಅಕ್ಷರ ಬಂದ್ರೂ ಅಂಕಿ ಬಂದ್ರೂ ಸುಮ್ನೆ ಟೆಕ್ಸ್ಟ್ ಅಂತ ಬಿಟ್ಟುಬಿಡುತ್ತೆ. ಹಂಗಾಗಿ ಟೆಸ್ಟ್ ಮಾಡೋವಾಗ ಲೆಸ್-ದ್ಯಾನ್ 5 ಅಂತ ಹಾಕಿ "ನೋಡಿ ಸರಿಯಾಗೇ ಬರ್ತಿದೆಯಲ್ಲ" ಅಂದ್ಕೋಬೇಡಿ, ಅದು ಟೆಸ್ಟೇ ಅಲ್ಲ.

ಈಗ ದೋಷ ಎಲ್ಲಿದೆ ಅಂತ ಹುಡುಕೋದು. ಬ್ಯಾಕೆಂಡ್ ನೋಡ್ಕೊಳ್ಳೋ ಗೆಳೆಯ ತಕ್ಷಣ ಪೇಜಿನ ವ್ಯೂ ಸೋರ್ಸ್ ತೆಗೆದು ತೋರಿಸಿದ, "ನೋಡು, ನಮ್ಮ ಟೆಂಪ್ಲೇಟ್ ಎಸ್ಕೇಪ್ ಮಾಡೇ ಕಳಿಸ್ತಿದೆ, ಆಂಪರ್‌ಸ್ಯಾಂಡ್ ಎಲ್‌ಟಿ ಸೆಮಿಕೋಲನ್ ಅಂತ ಇಲ್ಲೇ ಇದೆಯಲ್ಲ." ಎಸ್ಕೇಪ್ ಅಂದ್ರೆ ಲೆಸ್-ದ್ಯಾನ್ ಥರದ ಚಿಹ್ನೆನ ಬ್ರೌಸರ್ ಟ್ಯಾಗ್ ಅಂದ್ಕೊಳ್ಳದ ಹಾಗೆ ಇಂಥ ಸಂಕೇತವಾಗಿ ಬದಲಾಯಿಸೋದು. ಅವನು ಹೇಳಿದ್ದು ನಿಜಾನೇ, ಸೋರ್ಸಲ್ಲಿ ಎಲ್ಲಾ ಶುದ್ಧ. ಆದ್ರೆ ವ್ಯೂ ಸೋರ್ಸ್ ತೋರಿಸೋದು ಸರ್ವರ್ ಕಳಿಸಿದ್ದನ್ನ, ಆಮೇಲೆ ಬ್ರೌಸರ್ ಒಳಗೆ ಜಾವಾಸ್ಕ್ರಿಪ್ಟ್ ಏನು ಅಡುಗೆ ಮಾಡ್ತು ಅಂತ ಅದರಲ್ಲಿ ಗೊತ್ತಾಗಲ್ಲ, ಅದಕ್ಕೆ ಡೆವ್‌ಟೂಲ್ಸ್‌ನ ಎಲಿಮೆಂಟ್ಸ್ ಟ್ಯಾಬೇ ನೋಡ್ಬೇಕು.

ಟೂಲ್‌ಟಿಪ್ ಇನ್‌ಸ್ಪೆಕ್ಟ್ ಮಾಡೋದು ಒಂದು ತಲೆನೋವು, ಮೌಸ್ ಆ ಕಡೆ ತಗೊಂಡ್ರೆ ಅದು ಮಾಯ. ನಾನು ಮಾಡಿದ್ದು ಇಷ್ಟು, ಕನ್ಸೋಲಲ್ಲಿ ಸೆಟ್‌ಟೈಮ್‌ಔಟ್ ಒಳಗೆ ಡಿಬಗ್ಗರ್ ಅನ್ನೋ ಒಂದೇ ಪದ ಬರೆದು 3000 ಮಿಲಿಸೆಕೆಂಡ್ ಕೊಟ್ಟು ಎಂಟರ್ ಹೊಡೆದೆ, ಮೂರು ಸೆಕೆಂಡ್ ಒಳಗೆ ಹೋಗಿ ಸಂಪಿನ ಮೇಲೆ ಮೌಸ್ ಇಟ್ಟೆ, ಪೇಜು ಹಾಗೇ ಕಲ್ಲಾಗಿ ನಿಂತ್ಕೊಳ್ತು, ಟೂಲ್‌ಟಿಪ್ ಸಮೇತ. ಎಲಿಮೆಂಟ್ಸ್ ಟ್ಯಾಬಲ್ಲಿ ನೋಡಿದ್ರೆ ಅಲ್ಲಿ ಕೂತಿದೆ ನಮ್ಮ ಬಿ ಎಲಿಮೆಂಟು, ಬ್ಲಾಕ್ ಅನ್ನೋ ಖಾಲಿ ಆಟ್ರಿಬ್ಯೂಟ್ ಜೊತೆಗೆ. ಅದು ಟೆಕ್ಸ್ಟ್ ನೋಡ್ ಆಗಿದ್ದಿದ್ರೆ ಕಥೆ ಅಲ್ಲಿಗೆ ಮುಗೀತಿತ್ತು, ಎಲಿಮೆಂಟ್ ಆಗಿರೋದ್ರಿಂದ ಯಾರೋ ಸ್ಟ್ರಿಂಗನ್ನ ಎಚ್‌ಟಿಎಂಎಲ್ ಅಂತ ಪಾರ್ಸ್ ಮಾಡಿಸಿದ್ದಾರೆ ಅನ್ನೋದು ಖಾತ್ರಿ.

ಯಾರು ಅಂತ ತಿಳಿಯೋಕೆ ಟೂಲ್‌ಟಿಪ್ ಬಂದು ಕೂರೋ ಅಪ್ಪ-ಎಲಿಮೆಂಟ್ ಮೇಲೆ ರೈಟ್ ಕ್ಲಿಕ್ ಮಾಡಿ ಬ್ರೇಕ್ ಆನ್, ಸಬ್‌ಟ್ರೀ ಮಾಡಿಫಿಕೇಶನ್ಸ್ ಹಾಕಿ, ಮತ್ತೆ ಮೌಸ್ ಇಡಿ. ಎಲಿಮೆಂಟ್ ಸೇರೋ ಕ್ಷಣಕ್ಕೆ ಡಿಬಗ್ಗರ್ ನಿಲ್ಲುತ್ತೆ, ಕಾಲ್ ಸ್ಟ್ಯಾಕಲ್ಲಿ ಲೈಬ್ರರಿ ಫೈಲ್‌ಗಳನ್ನ ದಾಟಿ ಕೆಳಗೆ ಬಂದ್ರೆ ನಿಮ್ಮದೇ ಕೋಡಿನ ಸಾಲು ಸಿಗುತ್ತೆ. ನಮ್ಮದ್ರಲ್ಲಿ ಸಿಕ್ಕಿದ್ದು ಜೆಕ್ವೆರಿ ಅನ್ನೋ ಜಾವಾಸ್ಕ್ರಿಪ್ಟ್ ಲೈಬ್ರರಿಯ ತುಂಬಾ ಹಳೇ ಸಾಲು. ಟೆಂಪ್ಲೇಟು ಹೆಸರನ್ನ ಎಸ್ಕೇಪ್ ಮಾಡಿ ಡೇಟಾ-ನೇಮ್ ಅನ್ನೋ ಆಟ್ರಿಬ್ಯೂಟಲ್ಲಿ ಇಟ್ಟಿತ್ತು, ಸರಿ. ಜಾವಾಸ್ಕ್ರಿಪ್ಟು ಆ ಆಟ್ರಿಬ್ಯೂಟ್ ಓದಿ, ಅದರ ಸುತ್ತ ಒಂದು ಡಿವ್ ಅಂಟಿಸಿ, ಎಚ್‌ಟಿಎಂಎಲ್ ಮೆಥಡ್‌ಗೆ ಕೊಟ್ಟಿತ್ತು. ಆಟ್ರಿಬ್ಯೂಟನ್ನ ಓದಿದ್ರೆ ಬ್ರೌಸರ್ ಎಸ್ಕೇಪ್ ಬಿಚ್ಚಿದ ಮೂಲ ಅಕ್ಷರಗಳನ್ನೇ ಕೊಡುತ್ತೆ, ಅಂದ್ರೆ ಸರ್ವರ್ ಕಟ್ಟಿ ಕಳಿಸಿದ ಗಂಟು ಅಲ್ಲೇ ಬಿಚ್ಚಿಕೊಂಡಿರುತ್ತೆ, ಮತ್ತೆ ಎಚ್‌ಟಿಎಂಎಲ್‌ಗೆ ಸುರಿಯೋವಾಗ ಇನ್ನೊಂದು ಸಲ ಕಟ್ಟೋರು ಯಾರೂ ಇಲ್ಲ. ಗೆಳೆಯನೂ ಸರಿ, ದೋಷವೂ ನಿಜ. ಇದನ್ನ ಒಪ್ಪಿಸೋಕೆ ಅರ್ಧ ಗಂಟೆ ಬೇಕಾಯ್ತು, ಕೊನೆಗೆ ಅವನ ಲ್ಯಾಪ್‌ಟಾಪಲ್ಲೇ ಡೇಟಾಸೆಟ್ ಪ್ರಿಂಟ್ ಮಾಡಿಸಿದ ಮೇಲೆ ಸುಮ್ನಾದ.

ದಪ್ಪಕ್ಷರದಿಂದ ಸ್ಕ್ರಿಪ್ಟಿನವರೆಗೆ ಹೋಗುತ್ತಾ ಅಂತ ಸಾಬೀತು ಮಾಡೋಕೆ ಪರೀಕ್ಷೆಗಂತ ಇರೋ ಸ್ಟೇಜಿಂಗ್ ಸರ್ವರಲ್ಲಿ, ನಮ್ಮದೇ ಎರಡು ಟೆಸ್ಟ್ ಅಕೌಂಟಲ್ಲಿ ನೋಡಿದ್ವಿ. ನಿಜವಾದ ಕಸ್ಟಮರ್ ಸಿಸ್ಟಮಲ್ಲಿ ಯಾವತ್ತೂ ಇದನ್ನ ಮಾಡ್ಬೇಡಿ, ಹೆಸರು ಅಲ್ಲೇ ಉಳಿದುಬಿಡುತ್ತೆ, ನೋಡಿದ ಪ್ರತಿಯೊಬ್ಬರ ಬ್ರೌಸರಲ್ಲೂ ಓಡುತ್ತೆ, ಸ್ಟೋರ್ಡ್ ಅನ್ನೋದು ಅದಕ್ಕೇ ತಾನೇ. ಇಲ್ಲಿ ಒಂದು ಗುಂಡಿ ಇದೆ, ಬಹಳ ಜನ ಬೀಳ್ತಾರೆ. ಇನ್ನರ್‌ಎಚ್‌ಟಿಎಂಎಲ್ ಮೂಲಕ ಸ್ಕ್ರಿಪ್ಟ್ ಟ್ಯಾಗ್ ಸೇರಿಸಿದ್ರೆ ಬ್ರೌಸರ್ ಅದನ್ನ ಓಡಿಸಲ್ಲ, ಸ್ಟ್ಯಾಂಡರ್ಡಲ್ಲೇ ಹಾಗಿದೆ, ಅದನ್ನ ನೋಡಿ "ಏನೂ ಆಗಿಲ್ಲ, ಸೇಫ್" ಅಂತ ಟಿಕೆಟ್ ಕ್ಲೋಸ್ ಮಾಡಿರೋರನ್ನ ನೋಡಿದ್ದೀನಿ. ಅದೇ ಜಾಗದಲ್ಲಿ ಇಲ್ಲದ ಫೈಲಿಗೆ ತೋರಿಸೋ ಇಮೇಜ್ ಟ್ಯಾಗ್ ಹಾಕಿ, ಇಮೇಜ್ ಸಿಗದಿದ್ದಾಗ ಏನು ಮಾಡ್ಬೇಕು ಅಂತ ಹೇಳೋ ಆನ್‌ಎರರ್ ಕೊಟ್ರೆ ಅದರೊಳಗಿನ ಕೋಡ್ ಓಡುತ್ತೆ. ಜೆಕ್ವೆರಿಯ ಎಚ್‌ಟಿಎಂಎಲ್ ಮೆಥಡ್ ಇನ್ನೂ ಉದಾರಿ, ಅದು ಸ್ಕ್ರಿಪ್ಟ್ ಟ್ಯಾಗನ್ನೂ ಹೆಕ್ಕಿ ತೆಗೆದು ತಾನೇ ಓಡಿಸುತ್ತೆ. ಟೆಸ್ಟಿಗೆ ಪಾಪ್‌ಅಪ್ ಎಲ್ಲಾ ಬೇಡ, ಆನ್‌ಎರರ್ ಒಳಗೆ ಪೇಜಿನ ಟೈಟಲ್ ಬದಲಾಯಿಸೋ ಒಂದು ಸಾಲು ಸಾಕು. ಟೆಕ್ನಿಷಿಯನ್ ಅಕೌಂಟಿಂದ ಹೆಸರು ಸೇವ್ ಮಾಡಿ, ಅಡ್ಮಿನ್ ಅಕೌಂಟಲ್ಲಿ ಮೌಸ್ ಇಟ್ವಿ, ಬ್ರೌಸರ್ ಟ್ಯಾಬಿನ ಹೆಸರು ಬದಲಾಯ್ತು. ರೂಮಲ್ಲಿ ಯಾರೂ ಮಾತಾಡ್ಲಿಲ್ಲ.

ಆಮೇಲೆ ಶುರುವಾಗಿದ್ದು ಎಷ್ಟು ಸೀರಿಯಸ್ ಅನ್ನೋ ವಾದ. ಲಾಗಿನ್ ಗುರುತಾಗಿರೋ ನಮ್ಮ ಸೆಷನ್ ಕುಕಿಗೆ ಎಚ್‌ಟಿಟಿಪಿಓನ್ಲಿ ಇದೆ, ಸ್ಕ್ರಿಪ್ಟಿಗೆ ಕುಕಿ ಓದೋಕಾಗಲ್ಲ, ಹಂಗಾಗಿ ಇದು ಲೋ ಅಂತ ಒಬ್ರ ವಾದ. ಕುಕಿ ಕದಿಯೋಕಾಗಲ್ಲ, ಒಪ್ಪಿದೆ, ಆದ್ರೆ ಕದಿಯೋ ಅಗತ್ಯ ಏನಿದೆ? ಸ್ಕ್ರಿಪ್ಟ್ ಓಡ್ತಿರೋದೇ ಅಡ್ಮಿನ್ ಬ್ರೌಸರ್ ಒಳಗೆ, ನಮ್ಮದೇ ಸೈಟಿನ ಪೇಜಾಗಿ, ಅದು ರಿಕ್ವೆಸ್ಟ್ ಕಳಿಸಿದ್ರೆ ಬ್ರೌಸರ್ ಕುಕಿನ ತಾನಾಗೇ ಅಂಟಿಸುತ್ತೆ, ರಿಕ್ವೆಸ್ಟ್ ನಮ್ಮ ಪೇಜಿಂದಲೇ ಬಂತು ಅಂತ ತೋರಿಸೋ ಸಿಎಸ್‌ಆರ್‌ಎಫ್ ಟೋಕನ್ ಅದೇ ಪೇಜಿನ ಮೆಟಾ ಟ್ಯಾಗಲ್ಲೇ ಇದೆ. ಹೊಸ ಅಡ್ಮಿನ್ ಯೂಸರ್ ಸೇರಿಸೋಕೆ ಮತ್ತೇನು ಬೇಕು. ಮನೆ ಕೀ ಕದಿಯೋದು ಬಿಡಿ, ಕಳ್ಳ ಸೋಫಾ ಮೇಲೇ ಕೂತಿದ್ದಾನೆ.

ವಾದ ಮುಗಿಸಿದ್ದು ಗ್ರಾಫಾನಾ ಅನ್ನೋ ಡ್ಯಾಶ್‌ಬೋರ್ಡ್ ಸಾಫ್ಟ್‌ವೇರಿನ ಒಂದು ಹಳೇ ಅಡ್ವೈಸರಿ, ಅಂದ್ರೆ ಭದ್ರತಾ ದೋಷದ ಪ್ರಕಟಣೆ. 2022ರ ಜುಲೈನಲ್ಲಿ ಬಂದ ಸಿವಿಇ-2022-31097 (ಸಿವಿಇ ಅಂದ್ರೆ ಇಂಥ ದೋಷಗಳಿಗೆ ಕೊಡೋ ನಂಬರು), ಅದರ ಯೂನಿಫೈಡ್ ಅಲರ್ಟಿಂಗ್ ಭಾಗದಲ್ಲಿದ್ದ ಸ್ಟೋರ್ಡ್ ಎಕ್ಸ್‌ಎಸ್‌ಎಸ್, ಎಡಿಟರ್ ಆಗಿರೋನು ಲಾಗಿನ್ ಆಗಿರೋ ಅಡ್ಮಿನ್ ಒಬ್ಬನಿಂದ ಒಂದು ಲಿಂಕ್ ಕ್ಲಿಕ್ ಮಾಡಿಸಿ ತಾನೇ ಅಡ್ಮಿನ್ ಆಗಬಹುದಿತ್ತು, 9.0.3, 8.5.9, 8.4.10, 8.3.10 ವರ್ಷನ್‌ಗಳಲ್ಲಿ ಸರಿ ಮಾಡಿದ್ರು. ನಮ್ಮ ಟೆಕ್ನಿಷಿಯನ್ ಮತ್ತು ಅಡ್ಮಿನ್ ಜಾಗದಲ್ಲಿ ಅಲ್ಲಿ ಎಡಿಟರ್ ಮತ್ತು ಅಡ್ಮಿನ್, ಮಿಕ್ಕಿದ್ದು ಅದೇ.

ಗ್ರಾಫಾನಾದ್ದೇ ಮಿಕ್ಕ ಅಡ್ವೈಸರಿಗಳನ್ನ ಸಾಲಾಗಿ ಓದಿದ್ರೆ ಎಲ್ಲಿ ಹುಡುಕಬೇಕು ಅನ್ನೋದಕ್ಕೆ ಒಂದು ನಕ್ಷೆನೇ ಸಿಗುತ್ತೆ. ಸಿವಿಇ-2023-0507 ಜಿಯೋಮ್ಯಾಪ್ ಪ್ಯಾನೆಲ್ಲಿನ ಆಟ್ರಿಬ್ಯೂಶನ್‌ದು, ಅದೇ ನಕ್ಷೆಯ ಮೂಲೇಲಿ ಸಣ್ಣಕ್ಷರದಲ್ಲಿ "ನಕ್ಷೆ ಇವರದ್ದು" ಅಂತ ಇರುತ್ತಲ್ಲ, ಅದು. ಸಿವಿಇ-2022-23552 ಅದೇ ನಕ್ಷೆಗೆ ಹಾಕೋ ಎಸ್‌ವಿಜಿ ಫೈಲಿಂದು. ಸಿವಿಇ-2023-0594 ಟ್ರೇಸ್ ವ್ಯೂನಲ್ಲಿ ಸ್ಪ್ಯಾನ್ ಆಟ್ರಿಬ್ಯೂಟ್ ತೋರಿಸೋ ಜಾಗ. ಸಿವಿಇ-2023-1410 ಗ್ರಾಫೈಟ್ ಡೇಟಾ ಸೋರ್ಸಿನ ಫಂಕ್ಷನ್ ವಿವರಣೆಯ ಟೂಲ್‌ಟಿಪ್, ನಮ್ಮ ಥರಾನೇ ಮೌಸ್ ಇಟ್ರೆ ಕೆಲಸ ಮುಗೀತು, ಅದೂ ಅಲ್ಲಿ ವಿಷ ಬರ್ತಿದ್ದಿದ್ದು ಯೂಸರ್ ತುಂಬಿದ ಫಾರ್ಮಿಂದ ಅಲ್ಲ, ಡೇಟಾ ಸೋರ್ಸ್ ಕಳಿಸಿದ ಉತ್ತರದಿಂದ. ಇವುಗಳಲ್ಲಿ ಯಾವುದೂ ಡ್ಯಾಶ್‌ಬೋರ್ಡಿನ ನಡುಮನೆಯಲ್ಲಿಲ್ಲ, ಎಲ್ಲಾ ಮೂಲೆಗಳು. ದೊಡ್ಡ ಹೆಡಿಂಗು, ಟೇಬಲ್ಲು, ಇವನ್ನ ಎಲ್ಲರೂ ನೋಡಿರ್ತಾರೆ, ಎಸ್ಕೇಪ್ ಮಾಡಿರ್ತಾರೆ. ಟೂಲ್‌ಟಿಪ್ಪು, ಲೆಜೆಂಡು, ಮ್ಯಾಪಿನ ಪಾಪ್‌ಅಪ್ಪು ಯಾರೂ ತಿರುಗಿ ನೋಡದ ಜಾಗ.

ಒಂದು ಮಾತ್ರ ನಡುಮನೇದೇ, ಟೆಕ್ಸ್ಟ್ ಪ್ಯಾನೆಲ್ಲಿಂದು, ಸಿವಿಇ-2023-22462. 2023ರ ಜನವರಿ 1ಕ್ಕೆ ಅವರ ಸೆಕ್ಯುರಿಟಿ ಟೀಮಿನವರೇ ಇಂಟರ್ನಲ್ ಆಡಿಟಲ್ಲಿ ಹಿಡಿದಿದ್ದು. ಸ್ಯಾನಿಟೈಸ್ ಮಾಡೋ, ಅಂದ್ರೆ ಅಪಾಯದ ಎಚ್‌ಟಿಎಂಎಲ್ ತೊಳೆದು ಹಾಕೋ ಕೋಡ್ ಅಲ್ಲಿ ಇತ್ತು, ಕೆಲಸಾನೂ ಮಾಡ್ತಿತ್ತು, ಆದ್ರೆ ರಿಯಾಕ್ಟಿನ ರೆಂಡರ್ ಸೈಕಲ್ ಒಂದರಲ್ಲಿ ತೊಳೆಯದ ಎಚ್‌ಟಿಎಂಎಲ್ ಹಾದು ಹೋಗ್ತಿತ್ತು, ಮುಂದಿನ ಸೈಕಲ್ಲಿಗೆ ತೊಳೆದು ಸೇವ್ ಆಗ್ತಿತ್ತು. ಅಂದ್ರೆ ಡೇಟಾಬೇಸಲ್ಲಿ ಹೋಗಿ ನೋಡಿದ್ರೆ ಕ್ಲೀನ್. ವ್ಯೂ ಸೋರ್ಸ್ ನಂಬಬೇಡಿ ಅಂದೆ, ಡೇಟಾಬೇಸನ್ನೂ ಪೂರ್ತಿ ನಂಬಬೇಡಿ.

ಈಗ ರಿಪೇರಿ. ಮೊದಲು ತಪ್ಪು ರಿಪೇರಿ ಹೇಳಿಬಿಡ್ತೀನಿ, ಯಾಕಂದ್ರೆ ನಾವು ಅದನ್ನೂ ಮಾಡಿದ್ವಿ. ಸಂಜೆ ಅವಸರದಲ್ಲಿ ಹೆಸರು ಸೇವ್ ಮಾಡೋ ಎಪಿಐನಲ್ಲಿ ಆಂಗಲ್ ಬ್ರಾಕೆಟ್, ಆಂಪರ್‌ಸ್ಯಾಂಡ್ ಥರದ್ದು ಬಂದ್ರೆ ಎಸ್ಕೇಪ್ ಮಾಡಿ ಸ್ಟೋರ್ ಮಾಡೋ ಪ್ಯಾಚ್ ಹಾಕಿದ್ವಿ. ಬೆಳಿಗ್ಗೆ ಅಷ್ಟೊತ್ತಿಗೆ ಪಂಪ್ ಎ ಆಂಪರ್‌ಸ್ಯಾಂಡ್ ಬಿ ಅಂತ ಹೆಸರಿದ್ದಿದ್ದು ಟೇಬಲ್ಲಿನಲ್ಲಿ ಆಂಪರ್‌ಸ್ಯಾಂಡ್ ಎಎಂಪಿ ಸೆಮಿಕೋಲನ್ ಸಮೇತ ಕಾಣ್ತಿತ್ತು, ಯಾರೋ ಎಡಿಟ್ ಮಾಡಿ ಮತ್ತೆ ಸೇವ್ ಒತ್ತಿದ್ರೆ ಇನ್ನೊಂದು ಸುತ್ತು ಎಎಂಪಿ, ಮೂರನೇ ಸಲಕ್ಕೆ ಹೆಸರು ರೈಲು ಬೋಗಿ ಥರ. ಎಕ್ಸೆಲ್‌ಗೆ ಡೌನ್‌ಲೋಡ್ ಮಾಡಿದ್ರಲ್ಲೂ ಅದೇ ಕಸ. ಅದಕ್ಕಿಂತ ಮುಖ್ಯ, ಟೂಲ್‌ಟಿಪ್ಪಿನ ತೂತು ಮುಚ್ಚೇ ಇಲ್ಲ, ಮೊದಲೇ ಸೇವ್ ಆಗಿದ್ದ ಹೆಸರುಗಳು ಹಾಗೇ ಇವೆ, ಒಟ್ಟಿಗೆ ಸಿಎಸ್‌ವಿ ಅಪ್‌ಲೋಡ್ ಮಾಡೋ ದಾರಿ ಬೇರೆ, ಗೇಟ್‌ವೇ ಡಿವೈಸ್ ತಾನೇ ರಿಜಿಸ್ಟರ್ ಆಗೋ ದಾರಿ ಬೇರೆ, ಆ ಎರಡೂ ಈ ಎಪಿಐನ ಹಾದು ಹೋಗೋದೇ ಇಲ್ಲ. ಡೇಟಾ ಒಳಗೆ ಬರೋ ಬಾಗಿಲು ನಾಲ್ಕಿರುತ್ತೆ, ನಾಳೆ ಐದಾಗುತ್ತೆ. ಎಸ್ಕೇಪ್ ಮಾಡ್ಬೇಕಾಗಿದ್ದು ಹೊರಗೆ ತೋರಿಸೋ ಜಾಗದಲ್ಲಿ, ಆ ಜಾಗಕ್ಕೆ ಬೇಕಾದ ರೀತೀಲಿ. ಪ್ಯಾಚ್ ವಾಪಸ್ ತೆಗೆದ್ವಿ, ಬೋಗಿಗಳನ್ನ ಬಿಚ್ಚೋಕೆ ಒಂದು ಮಧ್ಯಾಹ್ನ ಹೋಯ್ತು.

ಸರಿಯಾದ ರಿಪೇರಿ ನಗು ಬರೋಷ್ಟು ಸಣ್ಣದು, ಡಿವನ್ನ ಬೇರೆ ಕ್ರಿಯೇಟ್ ಮಾಡಿ ಹೆಸರನ್ನ ಎಚ್‌ಟಿಎಂಎಲ್ ಬದಲು ಟೆಕ್ಸ್ಟ್ ಮೆಥಡ್‌ಗೆ ಕೊಟ್ವಿ. ಜೆಕ್ವೆರಿ ಇಲ್ಲದಿದ್ರೆ ಟೆಕ್ಸ್ಟ್‌ಕಂಟೆಂಟ್. ದೊಡ್ಡದಾಗಿದ್ದು ಅದೇ ತಪ್ಪು ಇನ್ನೆಲ್ಲಿದೆ ಅಂತ ಹುಡುಕೋದು. ಇಡೀ ಕೋಡಲ್ಲಿ ಇನ್ನರ್‌ಎಚ್‌ಟಿಎಂಎಲ್, ಔಟರ್‌ಎಚ್‌ಟಿಎಂಎಲ್, ಇನ್ಸರ್ಟ್‌ಅಡ್ಜಸೆಂಟ್‌ಎಚ್‌ಟಿಎಂಎಲ್, ಡಾಕ್ಯುಮೆಂಟ್ ರೈಟ್, ಜೆಕ್ವೆರಿಯ ಎಚ್‌ಟಿಎಂಎಲ್ ಮತ್ತು ಅಪೆಂಡ್, ರಿಯಾಕ್ಟಲ್ಲಿ ಡೇಂಜರಸ್ಲಿ ಅಂತ ಶುರುವಾಗೋ ಆ ಉದ್ದದ ಪ್ರಾಪ್, ವ್ಯೂ ಆದ್ರೆ ವಿ-ಎಚ್‌ಟಿಎಂಎಲ್, ಜಿಂಜಾ ಟೆಂಪ್ಲೇಟಲ್ಲಿ ಸೇಫ್ ಫಿಲ್ಟರ್, ಹ್ಯಾಂಡಲ್‌ಬಾರ್ಸಲ್ಲಿ ಮೂರು ಹೂಬ್ರಾಕೆಟ್, ಗೋ ಭಾಷೆಯಾದ್ರೆ ಎಚ್‌ಟಿಎಂಎಲ್ ಟೆಂಪ್ಲೇಟ್ ಬದಲು ಟೆಕ್ಸ್ಟ್ ಟೆಂಪ್ಲೇಟ್ ಇಂಪೋರ್ಟ್ ಆಗಿದೆಯಾ ಅನ್ನೋದು, ಇಷ್ಟನ್ನ ಗ್ರೆಪ್ ಮಾಡಿ, ಅಂದ್ರೆ ಕೋಡಿನ ಎಲ್ಲಾ ಫೈಲಲ್ಲೂ ಆ ಪದ ಹುಡುಕಿ. ಇವು ನಿಮ್ಮ ಕೋಡಲ್ಲಿ ಸಿಗೋವು. ಲೈಬ್ರರಿ ಒಳಗೆ ಅಡಗಿರೋವು ಗ್ರೆಪ್‌ಗೆ ಸಿಗಲ್ಲ: ನಕ್ಷೆ ತೋರಿಸೋ ಲೀಫ್ಲೆಟ್‌ನ ಬೈಂಡ್‌ಪಾಪ್‌ಅಪ್‌ಗೆ ಸ್ಟ್ರಿಂಗ್ ಕೊಟ್ರೆ ಅದನ್ನ ಎಚ್‌ಟಿಎಂಎಲ್ ಅಂತಲೇ ತಗೊಳ್ಳುತ್ತೆ, ಗ್ರಾಫ್ ಬಿಡಿಸೋ ಇ-ಚಾರ್ಟ್ಸ್ ಟೂಲ್‌ಟಿಪ್ಪಿನ ಫಾರ್ಮ್ಯಾಟರ್ ವಾಪಸ್ ಕೊಟ್ಟಿದ್ದನ್ನೂ ಹಾಗೇ, ಡೇಟಾಟೇಬಲ್ಸ್ ಕೂಡ ಸೆಲ್ ಒಳಗೆ ಎಚ್‌ಟಿಎಂಎಲ್ ಆಗೇ ಸುರಿಯುತ್ತೆ, ರೆಂಡರ್ ಟೆಕ್ಸ್ಟ್ ಅಂತ ನೀವೇ ಹೇಳ್ಬೇಕು. ನಮಗೆ ಲೀಫ್ಲೆಟ್‌ದು ಒಂದು ಸಿಕ್ತು, ಸೈಟ್ ಮ್ಯಾಪಲ್ಲಿ, ಅದೇ ಹೆಸರು, ಅದೇ ಬೋಲ್ಡು.

ನಿಜವಾಗ್ಲೂ ಎಚ್‌ಟಿಎಂಎಲ್ ಬೇಕಾದ ಜಾಗ ಒಂದೇ ಇತ್ತು, ಸೈಟ್ ನೋಟ್ಸ್, ಅಲ್ಲಿ ಲಿಸ್ಟು, ಬೋಲ್ಡು ಎಲ್ಲಾ ಬೇಕು. ಅದಕ್ಕೆ ಎಚ್‌ಟಿಎಂಎಲ್ ತೊಳೆಯೋ ಡಾಮ್‌ಪ್ಯೂರಿಫೈ ಲೈಬ್ರರಿ ಹಾಕಿದ್ವಿ, ಸ್ವಂತ ರೆಜೆಕ್ಸ್ ಬರೆಯೋ ಸಾಹಸ ಮಾಡ್ಲಿಲ್ಲ, ನೀವೂ ಮಾಡ್ಬೇಡಿ. ಗ್ರಾಫಾನಾ ಓಡಿಸೋರಿಗೆ ಒಂದು ಪಕ್ಕದ ಮಾತು: ಪ್ಯಾನೆಲ್ಲಲ್ಲಿ ಐಫ್ರೇಮ್ ಬರ್ಲಿ ಅಂತ ಯಾರೋ ಹಿಂದೆ ಕಾನ್ಫಿಗ್‌ನಲ್ಲಿ ಡಿಸೇಬಲ್ ಸ್ಯಾನಿಟೈಸ್ ಎಚ್‌ಟಿಎಂಎಲ್ ಅನ್ನೋದನ್ನ ಟ್ರೂ ಮಾಡಿ ಮರೆತಿದ್ದಾರಾ ಅಂತ ಒಮ್ಮೆ ನೋಡಿ, ಅದು ಟ್ರೂ ಇದ್ರೆ ಮಿಕ್ಕ ಎಲ್ಲಾ ಹುಡುಕಾಟ ದಂಡ.

ಲಿಂಕ್ ಇರೋ ಫೀಲ್ಡ್ ಬೇರೆ ಜಾತಿ. ನಮ್ಮಲ್ಲಿ ಪ್ರತಿ ಸೆನ್ಸರಿಗೂ ಮ್ಯಾನ್ಯುಯಲ್ ಲಿಂಕ್ ಹಾಕೋ ಜಾಗ ಇದೆ, ಅಲ್ಲಿ ಎಚ್‌ಟಿಟಿಪಿ ಬದಲು ಜಾವಾಸ್ಕ್ರಿಪ್ಟ್ ಕೋಲನ್ ಅಂತ ಶುರು ಮಾಡಿದ್ರೆ ಕ್ಲಿಕ್ ಮಾಡಿದಾಗ ಕೋಡೇ ಓಡುತ್ತೆ, ಎಸ್ಕೇಪ್ ಎಷ್ಟು ಮಾಡಿದ್ರೂ ಉಪಯೋಗ ಇಲ್ಲ, ಎಸ್ಕೇಪ್ ಮಾಡೋಕೆ ಅದರಲ್ಲಿ ಬ್ರಾಕೆಟ್ಟೇ ಇಲ್ಲವಲ್ಲ. ಆ ಪದ ಇದೆಯಾ ಅಂತ ಹುಡುಕಿ ತಡೆಯೋದೂ ನಿಲ್ಲಲ್ಲ, ಮಧ್ಯೆ ಒಂದು ಟ್ಯಾಬ್ ಅಥವಾ ಹೊಸ ಸಾಲು ತೂರಿಸಿದ್ರೆ ಬ್ರೌಸರ್ ಅದನ್ನ ಕಿತ್ತಾಕಿ ಓದ್ಕೊಳ್ಳುತ್ತೆ, ನಿಮ್ಮ ಚೆಕ್ಕು ಬೆಪ್ಪಾಗಿ ನೋಡ್ತಿರುತ್ತೆ. ಯುಆರ್‌ಎಲ್ ಪಾರ್ಸರಿಗೇ ಕೊಟ್ಟು, ಪ್ರೋಟೋಕಾಲ್ ಎಚ್‌ಟಿಟಿಪಿ ಅಥವಾ ಎಚ್‌ಟಿಟಿಪಿಎಸ್ ಆಗಿದ್ರೆ ಮಾತ್ರ ಲಿಂಕ್ ಮಾಡಿ. ರಿಯಾಕ್ಟ್ ಇದನ್ನ ತಡೆಯೋಕೆ ಶುರು ಮಾಡಿದ್ದು 19ನೇ ವರ್ಷನ್ನಿಂದ, ಅದಕ್ಕೂ ಮುಂಚೆ 16.9ರಿಂದ ಕನ್ಸೋಲಲ್ಲಿ ಬರೀ ವಾರ್ನಿಂಗು, ಯಾರು ಓದ್ತಾರೆ.

ಹಳೇ ಡೇಟಾ ಜಾಲಾಡೋಕೆ ಲೆಸ್-ದ್ಯಾನ್ ಪಕ್ಕದಲ್ಲೇ ಇಂಗ್ಲಿಷ್ ಅಕ್ಷರ ಇರೋ ರೋಗಳು, ಕೋಟ್ ಆದ್ಮೇಲೆ ಆನ್ ಅಂತ ಶುರುವಾಗೋ ಪದ ಇರೋ ರೋಗಳು ತೆಗೆದ್ವಿ. ಸಿಕ್ಕಿದ್ದನ್ನ ತಿದ್ದೋ ಮೊದಲು ಹಾಗೇ ಕಾಪಿ ಇಟ್ಕೊಳ್ಳಿ, ಯಾರ ಅಕೌಂಟು, ಯಾವಾಗ, ಯಾವ ಐಪಿ ಎಲ್ಲಾ ಸಮೇತ, ನಿಜವಾದ ದಾಳಿ ಆಗಿದ್ರೆ ಅದೇ ಸಾಕ್ಷಿ. ನಮ್ಮಲ್ಲಿ ಕೈಬೆರಳಲ್ಲಿ ಎಣಿಸೋಷ್ಟು ಸಿಕ್ವು, ಎಲ್ಲಾ ಬ್ಲಾಕ್ ಹೆಸರುಗಳೇ. ಯೂಸರ್ ಟೇಬಲ್ಲಲ್ಲಿ ಗೊತ್ತಿಲ್ಲದ ಅಡ್ಮಿನ್ ಯಾರೂ ಹುಟ್ಟಿಕೊಂಡಿರ್ಲಿಲ್ಲ.

ಇನ್ನೊಂದು ಪದರ ಇರ್ಲಿ ಅಂತ ಯಾವ ಸ್ಕ್ರಿಪ್ಟ್ ಓಡಬಹುದು ಅಂತ ಬ್ರೌಸರಿಗೆ ಹೇಳೋ ಕಂಟೆಂಟ್ ಸೆಕ್ಯುರಿಟಿ ಪಾಲಿಸಿ ಹಾಕಿದ್ವಿ, ಮೊದಲು ತಡೆಯದೆ ಬರೀ ವರದಿ ಕೊಡೋ ರಿಪೋರ್ಟ್-ಓನ್ಲಿ. ಅನ್‌ಸೇಫ್-ಇನ್‌ಲೈನ್ ಅನ್ನೋ ಸಡಿಲಿಕೆ ಇಲ್ಲದ, ಪ್ರತಿ ಸಲ ಬದಲಾಗೋ ಗುರುತು (ನಾನ್ಸ್) ಇರೋ ಪಾಲಿಸಿ ಆದ್ರೆ ಆನ್‌ಎರರ್ ಥರದ್ದು ಓಡಲ್ಲ. ನಮ್ಮದೇ ಹಳೇ ಆನ್‌ಕ್ಲಿಕ್ ಬಟನ್‌ಗಳ ರಿಪೋರ್ಟು ಮೊದಲ ದಿನವೇ ಮಳೆ ಥರ ಸುರೀತು, ಅವನ್ನ ಒಂದೊಂದೇ ಸರಿ ಮಾಡ್ಕೊಂಡು ಆಮೇಲೆ ಎನ್‌ಫೋರ್ಸ್ ಮಾಡಿದ್ವಿ. ಅದು ಸೀಟ್‌ಬೆಲ್ಟು ಅಷ್ಟೆ, ಬೋಲ್ಡ್ ಟ್ಯಾಗನ್ನ ಪಾಲಿಸಿ ತಡೆಯಲ್ಲ, ಟೂಲ್‌ಟಿಪ್ಪಿನ ಆ ಸಾಲು ಸರಿ ಮಾಡ್ಲೇಬೇಕಿತ್ತು.

ಎಲ್ಲಾ ಆದ್ಮೇಲೆ ಬಿ ಬ್ಲಾಕಿನ ಹೆಸರನ್ನ ತಿದ್ದದೇ ಹಾಗೇ ಬಿಟ್ವಿ, ಅದೇ ನಮ್ಮ ಟೆಸ್ಟು. ಟೇಬಲ್ಲಲ್ಲಿ, ಟೂಲ್‌ಟಿಪ್ಪಲ್ಲಿ, ಮ್ಯಾಪಲ್ಲಿ ಬ್ರಾಕೆಟ್ ಸಮೇತ ಪೂರ್ತಿ ಕಾಣ್ತು, ದಪ್ಪ ಹೋಯ್ತು, ಟಿಕೆಟ್ ಕ್ಲೋಸ್ ಮಾಡಿದೆ. ಸೋಮವಾರ ಬೆಳಿಗ್ಗೆ ವಾರದ ರಿಪೋರ್ಟ್ ಮೇಲ್ ಬಂತು, ತೆಗೆದು ನೋಡಿದ್ರೆ ಬಿ ಬ್ಲಾಕಿಂದ ಕೆಳಗೆ ಸಹಿವರೆಗೂ ಎಲ್ಲಾ ದಪ್ಪಕ್ಷರ. ಮೇಲ್ ಟೆಂಪ್ಲೇಟು ಬೇರೆ ರೆಪೋದಲ್ಲಿದೆ, ಗ್ರೆಪ್ ಅಲ್ಲಿಗೆ ಹೋಗೇ ಇರ್ಲಿಲ್ಲ. ಅದೇ ಟೆಂಪ್ಲೇಟನ್ನ ಸರ್ವರಲ್ಲಿ ಸ್ಕ್ರೀನಿಲ್ಲದೆ ಓಡೋ ಹೆಡ್‌ಲೆಸ್ ಕ್ರೋಮ್ ಓಪನ್ ಮಾಡಿ ಪಿಡಿಎಫ್ ಮಾಡುತ್ತೆ ಅಂತ ಆಗ ನೆನಪಾಯ್ತು, ಅಂದ್ರೆ ಅಲ್ಲಿ ಸ್ಕ್ರಿಪ್ಟ್ ಓಡಿದ್ರೆ ಅದು ಅಡ್ಮಿನ್ ಬ್ರೌಸರಲ್ಲಲ್ಲ, ನಮ್ಮ ಸರ್ವರ್ ಒಳಗೇ. ಟಿಕೆಟ್ ಮತ್ತೆ ಓಪನ್ ಮಾಡಿ, ಈ ಸಲ ಲೇಬಲ್ಲಲ್ಲಿ ಅರ್ಜೆಂಟ್ ಅಂತ ಬರೆದೆ.